ನೆಟ್ ಹಾಕಿಸುವ ಮುಂಚೆ ಮನೆಯೊಳಗೊಂದು ಸುತ್ತು

ಹೊಸದಾಗಿ ನೆಟ್ ಹಾಕಿಸುವ ದಿನ ಲೈನ್ ಎಳೆಯಲು ಬರುವ ಹುಡುಗರಿಗೆ ಪುರುಸೊತ್ತು ಇರುವುದಿಲ್ಲ. ಅದೇ ದಿನ ಅವರು ಇನ್ನೂ ನಾಲ್ಕಾರು ಮನೆ ಮುಗಿಸಬೇಕು. ಕಂಬದಿಂದ ವೈರ್ ಎಳೆದು, ಕಣ್ಣಿಗೆ ಬಿದ್ದ ಮೊದಲ ಕಿಟಕಿಯಿಂದ ಒಳಗೆ ತಂದು, ಪಕ್ಕದ ಪ್ಲಗ್ಗಿಗೆ ಬಾಕ್ಸ್ ಸಿಕ್ಕಿಸಿ, ಅದರ ಎದುರಿಗೇ ನಿಂತು ಮೊಬೈಲಿನಲ್ಲಿ ಸ್ಪೀಡ್ ತೋರಿಸಿ ಹೊರಡುತ್ತಾರೆ. ಆ ಹೊತ್ತಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಒಳಕೋಣೆಯ ಕಂಪ್ಯೂಟರಿನಲ್ಲಿ ಪಾಠ ಕೇಳುವ ಮಗಳಿಗೆ ಮೇಷ್ಟ್ರ ಮಾತು ತುಂಡು ತುಂಡಾಗಿ ಕೇಳಿಸುತ್ತದೆ, ಮಹಡಿ ಮೇಲಿನ ಲ್ಯಾಪ್‌ಟಾಪ್ ನಿಂತಲ್ಲೇ ಸುತ್ತುತ್ತದೆ. ಬೈಗುಳವೆಲ್ಲ ನೆಟ್ ಕಂಪನಿಯ ಪಾಲಿಗೆ.

ಬೆಂಗಳೂರು ಗ್ರಾಮಾಂತರದ ನಾಲ್ಕು ತಾಲ್ಲೂಕುಗಳಲ್ಲಿ, ಕಂಬದವರೆಗೆ ಬಂದ ನೆಟ್ ಚೆನ್ನಾಗಿಯೇ ಇದ್ದು ಮನೆಯೊಳಗೆ ಕೆಡುವುದು ಹೆಚ್ಚು. ಅದನ್ನು ತಪ್ಪಿಸಲು ಮನೆಯವರೇ ಮಾಡಬೇಕಾದ ತೀರ್ಮಾನಗಳು ಮೂರು: ಬಾಕ್ಸ್ ಎಲ್ಲಿರಬೇಕು, ಯಾವ ಕಂಪ್ಯೂಟರಿಗೆ ವೈರ್ ಎಳೆಯಬೇಕು, ಪಾಸ್‌ವರ್ಡ್ ಯಾರ ಕೈಯಲ್ಲಿರಬೇಕು. ಲೈನಿನವರು ಬರುವ ಮುಂಚೆಯೇ ಇವನ್ನು ಯೋಚಿಸಿಟ್ಟರೆ ಮುಂದಿನ ಕೆಲಸ ಹಗುರ.

ಮನೆಗೆ ಬರುವುದು ಏನು?

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಟೆಲಿಫೋನ್ ತಂತಿಯಲ್ಲಿ ಕೀರಲು ಸದ್ದು ಮಾಡುತ್ತ. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಸಾಕು, ಅದು ಬ್ರಾಡ್‌ಬ್ಯಾಂಡ್ ಎಂದಿತು. 2013ರಲ್ಲಿ ಆ ಗೆರೆ 512 ಕಿಲೋಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. ಇವತ್ತು ಹಳ್ಳಿಯ ಮನೆಗೂ ಕೇಳಿದರೆ 50, 100 ಮೆಗಾಬಿಟ್ ಕೊಡುತ್ತೇವೆ ಎನ್ನುತ್ತಾರೆ. ಕಾರಣ ಫೈಬರ್. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಕೇಂದ್ರ ಸರ್ಕಾರದ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಈಗ ಅದರ ಹೆಸರು ಭಾರತ್‌ನೆಟ್. ಅದರ ಜೊತೆಗೆ ಬಿಎಸ್‌ಎನ್‌ಎಲ್, ಖಾಸಗಿ ಕಂಪನಿಗಳು ಮತ್ತು ಟಿವಿ ಕೇಬಲ್ ಕೊಡುತ್ತಿದ್ದ ಊರಿನ ಕೇಬಲ್‌ನವರು ಮನೆಮನೆಗೆ ಲೈನ್ ಎಳೆಯುತ್ತಿದ್ದಾರೆ.

ಕಂಬದಿಂದ ಇಳಿಯುವ ಕಪ್ಪು ವೈರಿನ ನಡುವೆ ಕೂದಲಿನಷ್ಟು ತೆಳ್ಳನೆಯ ಗಾಜಿನ ಎಳೆ ಇದೆ. ಅಕ್ಕಪಕ್ಕದ ಗಟ್ಟಿ ತಂತಿಗಳು ಅದರ ಭಾರ ಹೊರಲಿಕ್ಕೆ ಮಾತ್ರ. ಮನೆಯೊಳಗೆ ಆ ಎಳೆ ಸೇರುವ ಪೆಟ್ಟಿಗೆಗೆ ಲೈನಿನವರು ಓಎನ್‌ಟಿ ಅಥವಾ ಓಎನ್‌ಯು ಎನ್ನುತ್ತಾರೆ. ಬೆಳಕಾಗಿ ಬಂದದ್ದನ್ನು ಕಂಪ್ಯೂಟರಿಗೆ ತಿಳಿಯುವಂತೆ ಬದಲಿಸುವುದು ಇದರ ಕೆಲಸ. ಹಾಗೆ ಬಂದ ಒಂದೇ ನೆಟ್ಟನ್ನು ಮನೆಯ ಫೋನು, ಟಿವಿ, ಕಂಪ್ಯೂಟರುಗಳಿಗೆಲ್ಲ ಹಂಚುವುದು ರೂಟರಿನ ಕೆಲಸ. ಈಗ ಬಹುತೇಕ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಕೆಲವು ಕಡೆ ಸಣ್ಣ ಓಎನ್‌ಯು ಬೇರೆ, ಮೂರ್ನಾಲ್ಕು ಆಂಟೆನಾ ಇರುವ ರೂಟರ್ ಬೇರೆ. ನಿಮಗೆ ಕೊಡುತ್ತಿರುವುದು ಯಾವುದು ಎಂದು ಮೊದಲೇ ಕೇಳಿ. ಎರಡು ಪೆಟ್ಟಿಗೆಯಾದರೆ ಎರಡು ಪ್ಲಗ್ ಪಾಯಿಂಟ್ ಬೇಕು.

ಇನ್ನೂ ಎರಡು ಪ್ರಶ್ನೆ ಕೇಳಲು ಮರೆಯಬೇಡಿ. ಮೊದಲನೆಯದು, ವೈ-ಫೈ 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಬರುತ್ತದೆಯೇ? ಎರಡನೆಯದು, ಬಾಕ್ಸಿನ ಹಿಂದಿನ ಲ್ಯಾನ್ ಪೋರ್ಟುಗಳು ಗಿಗಾಬಿಟ್ ಪೋರ್ಟುಗಳೇ? ಅಗ್ಗದ ಬಾಕ್ಸುಗಳ ಪೋರ್ಟು 100 ಮೆಗಾಬಿಟ್‌ಗೆ ನಿಲ್ಲುತ್ತದೆ. 200ರ ಪ್ಲ್ಯಾನಿಗೆ ದುಡ್ಡು ಕಟ್ಟಿ 100ರ ಪೋರ್ಟಿಗೆ ಕಂಪ್ಯೂಟರ್ ಸಿಕ್ಕಿಸಿದರೆ ಅರ್ಧ ದುಡ್ಡು ದಂಡ.

ಫೈಬರ್ ಬಾರದ ಒಂಟಿ ತೋಟದ ಮನೆಗಳಿಗೆ 5ಜಿ ಟವರಿನಿಂದ ನೆಟ್ ಹಿಡಿಯುವ ಏರ್‌ಫೈಬರ್ ಸೇವೆ ಇದೆ. ನಮ್ಮಲ್ಲಿ ಇದು ಶುರುವಾದದ್ದು 2023ರಲ್ಲಿ. ಇದರಲ್ಲಿ ಒಂದು ಪೆಟ್ಟಿಗೆ ಟವರಿನ ಕಡೆಗೆ ಮುಖಮಾಡಿ ಮಹಡಿ ಮೇಲೆ ಕೂರುತ್ತದೆ, ಅಲ್ಲಿಂದ ಒಳಗಿನ ರೂಟರಿಗೆ ವೈರ್ ಇಳಿಯುತ್ತದೆ. ಫೈಬರಿನ ಮಾತು ಬಿಟ್ಟರೆ ಮುಂದೆ ಹೇಳುವುದೆಲ್ಲ ಇದಕ್ಕೂ ಅನ್ವಯ.

ಬಾಕ್ಸ್ ಎಲ್ಲಿಡಬೇಕು?

ಇದು ಮನೆಯ ಗೋಡೆಯ ಮೇಲೆ ನಿಂತಿರುವ ಪ್ರಶ್ನೆ. ದೇವನಹಳ್ಳಿ, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಕಲ್ಲುಚಪ್ಪಡಿಯ ಮನೆಗಳು ಈಗಲೂ ಇವೆ. ಗೋಡೆಯೂ ಕಲ್ಲು, ಕೆಲವೆಡೆ ಸೂರೂ ಕಲ್ಲು. ಇಂಥ ಒಂದು ಗೋಡೆ ದಾಟುವಷ್ಟರಲ್ಲಿ ವೈ-ಫೈ ಸೊರಗುತ್ತದೆ, ಎರಡನೇ ಗೋಡೆಯಾಚೆ ಹೆಸರಿಗೆ ಮಾತ್ರ ಉಳಿಯುತ್ತದೆ. ದಪ್ಪ ಮಣ್ಣಿನ ಗೋಡೆಯ ಹಳೇ ಮನೆಗಳ ಪಾಡೂ ಹೆಚ್ಚುಕಡಿಮೆ ಇದೇ. ಇಲ್ಲಿ ಬಾಕ್ಸನ್ನು ನಡುಮನೆಗೆ ತರಲೇಬೇಕು, ಅದೂ ಕೋಣೆಗಳ ಬಾಗಿಲು ಕಾಣುವ ಗೋಡೆಗೆ. ಕಲ್ಲನ್ನು ದಾಟಲಾಗದ ಸಿಗ್ನಲ್ ಬಾಗಿಲಿನಿಂದ ನುಸುಳಿಯಾದರೂ ಹೋಗುತ್ತದೆ.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳದ್ದು ಇನ್ನೊಂದು ಕಥೆ. ಸೀರೆಯ ಡಿಸೈನ್ ಕಂಪ್ಯೂಟರಿನಲ್ಲಿ ತಯಾರಾಗಿ ಎಲೆಕ್ಟ್ರಾನಿಕ್ ಜಕಾರ್ಡಿಗೆ ಹೋಗುವ ಕಾಲ ಇದು. ಡಿಸೈನ್ ಫೈಲು ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬರುತ್ತದೆಯೆಂದು ರೂಟರನ್ನು ಮಗ್ಗದ ಪಕ್ಕದಲ್ಲೇ ನೇತುಹಾಕಿದರೆ ಎರಡು ತೊಂದರೆ. ಗಾಳಿಯಲ್ಲಿ ಹಾರುವ ನೂಲಿನ ಧೂಳು ಬಾಕ್ಸಿನ ತೂತುಗಳಿಗೆ ಮೆತ್ತಿಕೊಂಡು ಬಿಸಿ ಹೊರಹೋಗದೆ ಅದು ಆಗಾಗ ತಾನಾಗಿ ಆಫ್ ಆಗಿ ಆನ್ ಆಗುತ್ತದೆ. ತಗಡಿನ ಶೀಟು, ಸಾಲು ಮಗ್ಗಗಳ ಕಬ್ಬಿಣ ಸಿಗ್ನಲ್ಲನ್ನು ಅಡ್ಡಗಟ್ಟುತ್ತವೆ. ರೂಟರ್ ವಾಸದ ಕಡೆ ಇರಲಿ, ಡಿಸೈನ್ ಕಂಪ್ಯೂಟರಿಗೆ ಒಂದು ವೈರ್ ಹೋಗಲಿ. ಮಗ್ಗದ ಮೋಟಾರುಗಳಿರುವ ಲೈನಿನಿಂದ ರೂಟರಿಗೆ ಕರೆಂಟ್ ಕೊಡದೆ ಮನೆಯ ಲೈನಿನಿಂದ ಕೊಟ್ಟರೆ ಇನ್ನೂ ಒಳ್ಳೆಯದು.

ನೆಲಮಂಗಲದ ಹೊಸ ಬಡಾವಣೆಗಳಲ್ಲಿ ಏಳುತ್ತಿರುವ ಎರಡು ಮಹಡಿ ಮನೆಗಳಲ್ಲಿ ಗೋಡೆಗಿಂತ ತಾರಸಿಯೇ ಹೆಚ್ಚು ಅಡ್ಡಿ. ಆರ್‌ಸಿಸಿಯೊಳಗಿನ ಕಬ್ಬಿಣ ಕೆಳಗಿನ ಸಿಗ್ನಲ್ಲನ್ನು ಮೇಲಕ್ಕೆ ಸಲೀಸಾಗಿ ಬಿಡುವುದಿಲ್ಲ. ಮನೆ ಕಟ್ಟುತ್ತಿರುವವರಿಗೆ ಒಂದು ಮಾತು: ವೈರಿಂಗ್ ಮಾಡುವಾಗಲೇ ನಡುಮನೆಯಿಂದ ಪ್ರತಿ ಕೋಣೆಗೆ, ಮಹಡಿಗೆ, ಹೊರಗಿನ ಕಂಬದ ಕಡೆಗೆ ಒಂದೊಂದು ಖಾಲಿ ಪೈಪ್ ಹಾಕಿಸಿಬಿಡಿ. ಕರೆಂಟಿನ ಪೈಪಿನಲ್ಲೇ ನೆಟ್ ವೈರ್ ತೂರಿಸುವುದು ಬೇಡ. ಅದು ಅಪಾಯ, ಜೊತೆಗೆ ಸಿಗ್ನಲ್ಲಿಗೂ ಕಿರಿಕಿರಿ.

ಯಾವ ಮನೆಯಾದರೂ ಸರಿ, ಬಾಕ್ಸ್ ಆಳೆತ್ತರದಲ್ಲಿ ಗೋಡೆಯ ಮೇಲಿರಲಿ. ಟಿವಿಯ ಬೆನ್ನಿಗೆ, ಕಬ್ಬಿಣದ ಬೀರುವಿನ ಪಕ್ಕಕ್ಕೆ, ಫ್ರಿಜ್ಜಿನ ಮೇಲೆ, ಮುಚ್ಚಿದ ಶೋಕೇಸಿನೊಳಗೆ ಇಡಬೇಡಿ. ಮೈಕ್ರೋವೇವ್ ಓವನ್ ಇರುವ ಅಡುಗೆಮನೆಯಿಂದ ದೂರವಿರಲಿ. ಅದು ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ. ನಡುಮನೆಯವರೆಗೆ ಫೈಬರ್ ತರಲು ಲೈನಿನವರು ಗೊಣಗಿದರೆ ಹೆಚ್ಚುವರಿ ವೈರಿಗೆ ದುಡ್ಡು ಕೊಡುತ್ತೇವೆ ಎನ್ನಿ. ಆ ಖರ್ಚು ಒಂದೇ ಸಲದ್ದು. ಫೈಬರನ್ನು ಮೂಲೆಯಲ್ಲಿ ಮಡಚಿ ಮೊಳೆ ಹೊಡೆಯಲು ಬಿಡಬೇಡಿ. ಬಳೆಗಿಂತ ಚಿಕ್ಕ ಸುರುಳಿಯಾದರೆ ಒಳಗಿನ ಬೆಳಕು ಸೋರಿಹೋಗುತ್ತದೆ. ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೂಬಾರದು. ಒಳಗಿರುವುದು ಕಾಣದ ಬೆಳಕು, ಕಣ್ಣಿಗೆ ಹಾನಿಯಾದೀತು. ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಕಂಪ್ಯೂಟರಿಗೆ ವೈರ್

ಕೂತಲ್ಲೇ ಕೂರುವ ಯಂತ್ರಕ್ಕೆ ವೈರ್, ಓಡಾಡುವುದಕ್ಕೆ ವೈ-ಫೈ. ಡೆಸ್ಕ್‌ಟಾಪ್, ಟಿವಿ, ಸಿಸಿಟಿವಿ ಪೆಟ್ಟಿಗೆಗಳನ್ನು ವೈರಿಗೆ ಹಾಕಿದರೆ ಫೋನು, ಲ್ಯಾಪ್‌ಟಾಪುಗಳಿಗೆ ಗಾಳಿಯಲ್ಲಿ ಜಾಗ ಬಿಡುವಾಗುತ್ತದೆ. ಪರೀಕ್ಷೆ, ಇಂಟರ್‌ವ್ಯೂ, ಮನೆಯಿಂದ ಕೆಲಸ ಮಾಡುವವರ ಮೀಟಿಂಗ್ ಇವಕ್ಕೆಲ್ಲ ವೈರೇ ನಂಬಿಕೆಗೆ ಯೋಗ್ಯ.

ಅಂಗಡಿಯಲ್ಲಿ ಕ್ಯಾಟ್ 6 ಕೇಬಲ್ ಕೇಳಿ. ಕ್ಯಾಟ್ 5ಇ ಇದ್ದರೂ ಗಿಗಾಬಿಟ್‌ಗೆ ಸಾಕು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಕೇಬಲನ್ನು ಅಗ್ಗವಾಗಿ ಮಾರುತ್ತಾರೆ, ಅದು ಬೇಗ ಮುರಿಯುತ್ತದೆ. ಪೂರ್ತಿ ತಾಮ್ರದ್ದೇ ಬೇಕೆಂದು ಒತ್ತಿ ಹೇಳಿ. ಹತ್ತಿರದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲೇ ಕೊಡುತ್ತಾರೆ. ಅಳತೆ ಹಿಡಿಯುವಾಗ ಗೋಡೆ ಹತ್ತಿ ಇಳಿಯುವುದನ್ನೂ ಸೇರಿಸಿ ಎರಡು ಮೀಟರ್ ಜಾಸ್ತಿ ಇಟ್ಟುಕೊಳ್ಳಿ.

ತುದಿಗೆ ಆರ್‌ಜೆ 45 ಎಂಬ ಪಾರದರ್ಶಕ ಪಿನ್ ಕೂರಿಸಬೇಕು. ಒಳಗೆ ಎಂಟು ಎಳೆ. ಪಿನ್ನಿನ ಚಿಮ್ಮುಗುಂಡಿ ಕೆಳಗಿರುವಂತೆ ಹಿಡಿದರೆ ಎಡದಿಂದ ಬಲಕ್ಕೆ ಬಣ್ಣಗಳ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಸಾಲು. ಒಂದು ಎಳೆ ಸರಿಯಾಗಿ ಕೂರದಿದ್ದರೂ ಕೆಲವೊಮ್ಮೆ ನೆಟ್ ಬರುತ್ತದೆ, ಆದರೆ ಗಿಗಾಬಿಟ್ ಬದಲು 100 ಮೆಗಾಬಿಟ್‌ಗೆ ನಿಲ್ಲುತ್ತದೆ. ಪಿನ್ ಒತ್ತುವ ಇಕ್ಕಳ ಇಲ್ಲದವರು ತುದಿ ಕೂರಿಸಿದ ರೆಡಿಮೇಡ್ ಕೇಬಲನ್ನೇ ತರುವುದು ಜಾಣತನ.

ಒಂದು ತುದಿಯನ್ನು ರೂಟರಿನ ಲ್ಯಾನ್ ಎಂದು ಬರೆದ ಯಾವುದಾದರೂ ಪೋರ್ಟಿಗೆ, ಇನ್ನೊಂದನ್ನು ಕಂಪ್ಯೂಟರಿಗೆ ‘ಟಿಕ್’ ಎನ್ನುವವರೆಗೆ ಸಿಕ್ಕಿಸಿ. ವ್ಯಾನ್ ಎಂದು ಬರೆದಿರುವ, ಸಾಮಾನ್ಯವಾಗಿ ಬೇರೆ ಬಣ್ಣದ ಪೋರ್ಟು ಹೊರಗಿನಿಂದ ಬರುವ ಲೈನಿಗೆ ಮೀಸಲು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಈಥರ್ನೆಟ್ ಎಂದು ಹೋದರೆ ಲಿಂಕ್ ಸ್ಪೀಡ್ ಕಾಣುತ್ತದೆ: 1000/1000 ಇದ್ದರೆ ವೈರ್ ಸರಿ, 100/100 ಇದ್ದರೆ ಪಿನ್ನನ್ನೋ ಪೋರ್ಟನ್ನೋ ಅನುಮಾನಿಸಿ. ಅಲ್ಲೇ ಐಪಿವಿ4 ವಿಳಾಸವೂ ಇರುತ್ತದೆ. ಅದು 192.168 ಎಂದು ಶುರುವಾದರೆ ಸಾಮಾನ್ಯವಾಗಿ ರೂಟರ್ ನಿಮ್ಮ ಕಂಪ್ಯೂಟರನ್ನು ಗುರುತಿಸಿದೆ ಎಂದರ್ಥ. 169.254 ಎಂದಿದ್ದರೆ ಕಂಪ್ಯೂಟರಿಗೆ ರೂಟರಿನಿಂದ ವಿಳಾಸ ಸಿಕ್ಕಿಲ್ಲ. ವೈರ್ ತೆಗೆದು ಹಾಕಿ, ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಇಂಥ ವೈರಿನ ಮಿತಿ 100 ಮೀಟರ್. ಮನೆಯಿಂದ ದನದ ಕೊಟ್ಟಿಗೆಗೋ ಕೋಳಿ ಫಾರಂಗೋ ದ್ರಾಕ್ಷಿ ತೋಟದ ಪಂಪ್‌ಹೌಸಿಗೋ ನೆಟ್ ಬೇಕಾದರೆ, ದೂರ ಅದಕ್ಕಿಂತ ಹೆಚ್ಚಿದ್ದರೆ, ಫೈಬರನ್ನೇ ಎಳೆದು ಎರಡೂ ತುದಿಗೆ, ಫೈಬರನ್ನು ಲ್ಯಾನ್ ವೈರಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕಿಸಿ. ಬಯಲಲ್ಲಿ ಹಾದುಹೋಗುವ ತಾಮ್ರದ ವೈರ್ ಸಿಡಿಲಿಗೆ ದಾರಿಯಾಗುತ್ತದೆ. ಗಾಜಿನ ಎಳೆಗೆ ಆ ಭಯವಿಲ್ಲ. ಆದರೆ ಉಕ್ಕಿನ ತಂತಿ ಇಲ್ಲದ ಫೈಬರ್ ಕೇಳಿ ತೆಗೆದುಕೊಳ್ಳಿ.

ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ

ಬಾಕ್ಸಿನ ಅಡಿಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ರೂಟರಿನ ವಿಳಾಸ, ಲಾಗಿನ್ ಹೆಸರು, ಪಾಸ್‌ವರ್ಡ್ ಇರುತ್ತವೆ. ಗೋಡೆಗೆ ಹಾಕುವ ಮುಂಚೆಯೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಕಂಪ್ಯೂಟರಿನ ಬ್ರೌಸರಿನಲ್ಲಿ ಆ ವಿಳಾಸ, ಬಹುಮಟ್ಟಿಗೆ 192.168.1.1 ಅಥವಾ 192.168.0.1, ಬರೆದು ಎಂಟರ್ ಒತ್ತಿದರೆ ರೂಟರಿನ ಪುಟ ತೆರೆಯುತ್ತದೆ.

ಅಲ್ಲಿ ಮೊದಲ ಕೆಲಸ ಲಾಗಿನ್ ಪಾಸ್‌ವರ್ಡ್ ಬದಲಿಸುವುದು. ಎಷ್ಟೋ ಬಾಕ್ಸುಗಳಲ್ಲಿ ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಅದು ಊರಿಗೆಲ್ಲ ಗೊತ್ತಿರುವ ಬೀಗದ ಕೈ. ಎರಡನೆಯದು ವೈ-ಫೈ ಪಾಸ್‌ವರ್ಡ್. ಲೈನಿನ ಹುಡುಗರು ಅವಸರಕ್ಕೆ ನಿಮ್ಮ ಮೊಬೈಲ್ ನಂಬರನ್ನೇ ಹಾಕಿಬಿಡುತ್ತಾರೆ. ಎಂಟು ಅಕ್ಷರ ಕನಿಷ್ಠ ನಿಯಮ, ಹನ್ನೆರಡಕ್ಕಿಂತ ಹೆಚ್ಚಿದ್ದರೆ ಕ್ಷೇಮ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನಡುವೆ ಅಂಕಿ ಸೇರಿಸಿ. ಮನೆಯವರಿಗೆ ನೆನಪಿಡಲು ಸುಲಭ, ಹೊರಗಿನವರಿಗೆ ಊಹಿಸಲು ಕಷ್ಟ. ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಗುಂಡಿ ಒತ್ತಿ ಸೇರಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನೂ ಹೊರಗಿನಿಂದ ಲಾಗಿನ್ ಆಗುವ ರಿಮೋಟ್ ಮ್ಯಾನೇಜ್‌ಮೆಂಟನ್ನೂ ಆಫ್ ಮಾಡಿ.

ಇಷ್ಟೆಲ್ಲ ಯಾಕೆ ಎನ್ನುವವರು 2008ರ ಒಂದು ಘಟನೆಯನ್ನು ನೆನೆಯಬೇಕು. ಅಹಮದಾಬಾದಿನ ಬಾಂಬ್ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಬಂದ ಬೆದರಿಕೆಯ ಇಮೇಲ್ ಹೊರಟದ್ದು ನವಿ ಮುಂಬೈಯ ಮನೆಯೊಂದರ ವೈ-ಫೈನಿಂದ. ಏನೂ ಅರಿಯದ ಮನೆಯವರನ್ನು ಪೊಲೀಸರು ವಿಚಾರಣೆಗೆ ಒಳಪಡಿಸಿದರು. ನಿಮ್ಮ ಲೈನಿನಿಂದ ಯಾರು ಏನೇ ಮಾಡಿದರೂ ಮೊದಲು ತಟ್ಟುವುದು ನಿಮ್ಮ ಬಾಗಿಲನ್ನೇ. ಕೈಗಾರಿಕೆ, ಗೋದಾಮುಗಳಿಗೆ ಕೆಲಸಕ್ಕೆ ಬಂದವರಿಗೆ ಕೋಣೆಗಳನ್ನು ಬಾಡಿಗೆ ಕೊಟ್ಟ ಮನೆಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಬಾಡಿಗೆದಾರರಿಗೆ ವೈ-ಫೈ ಕೊಡುವುದಿದ್ದರೆ ‘ಗೆಸ್ಟ್ ನೆಟ್‌ವರ್ಕ್’ ಮಾಡಿ ಬೇರೆ ಪಾಸ್‌ವರ್ಡ್ ಕೊಡಿ. ಆಗ ನಿಮ್ಮ ಕಂಪ್ಯೂಟರಿನೊಳಗೆ ಅವರಿಗೆ ದಾರಿ ಇರುವುದಿಲ್ಲ. ಆದರೂ ಹೊರಗಿನವರಿಗೆ ಕಾಣುವುದು ನಿಮ್ಮ ಲೈನೇ; ಗುರುತು ಪರಿಚಯ ಇದ್ದವರಿಗಷ್ಟೇ ಕೊಡಿ.

2.4 ಮತ್ತು 5 ಗಿಗಾಹರ್ಟ್ಸ್‌ಗಳಿಗೆ ಬೇರೆ ಬೇರೆ ಹೆಸರು ಇಟ್ಟರೆ ಯಾವುದಕ್ಕೆ ಸೇರಿದ್ದೇವೆ ಎಂಬುದು ತಿಳಿಯುತ್ತದೆ. 2.4ರದ್ದು ದೂರ ಹೋಗುತ್ತದೆ, ವೇಗ ಕಡಿಮೆ. 5ರದ್ದು ವೇಗ, ಆದರೆ ಗೋಡೆಗೆ ಸೋಲುತ್ತದೆ. ಬಾಕ್ಸ್ ಇರುವ ಕೋಣೆಯ ಲ್ಯಾಪ್‌ಟಾಪಿಗೆ 5, ಹೊರಗಿನ ಕ್ಯಾಮೆರಾಕ್ಕೆ 2.4. ಒತ್ತೊತ್ತಾದ ಮನೆಗಳಲ್ಲಿ 2.4ರ ಚಾನೆಲ್ಲನ್ನು 1, 6, 11 ಈ ಮೂರರಲ್ಲಿ ಒಂದಕ್ಕೆ ಇಡಿ. ಇವು ಒಂದರ ಮೇಲೊಂದು ಬೀಳುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಪರದೆಯ ಕೆಳಗಿನ ಬಲಮೂಲೆಯ ನೆಟ್‌ವರ್ಕ್ ಗುರುತನ್ನು ಒತ್ತಿ, ನಿಮ್ಮ ವೈ-ಫೈ ಹೆಸರು ಆರಿಸಿ, ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಮನೆಯ ಎರಡು ಕಂಪ್ಯೂಟರ್ ಒಂದೇ ಪ್ರಿಂಟರ್ ಹಂಚಿಕೊಳ್ಳಬೇಕಾದರೆ ಆ ನೆಟ್‌ವರ್ಕನ್ನು ‘ಪ್ರೈವೇಟ್’ ಎಂದು ಗುರುತು ಮಾಡಿ, ಮತ್ತು ಪ್ರಿಂಟರನ್ನೂ ಅದೇ ರೂಟರಿಗೆ ಸೇರಿಸಿ. ಗೆಸ್ಟ್ ನೆಟ್‌ವರ್ಕಿನಲ್ಲಿದ್ದರೆ ಪ್ರಿಂಟರ್ ಕಾಣುವುದಿಲ್ಲ.

ಎರಡನೇ ರೂಟರ್ ಹಾಕುವಾಗ

ಮಹಡಿಗೆ ಸಿಗ್ನಲ್ ಸಾಲದಿದ್ದರೆ ಇನ್ನೊಂದು ರೂಟರ್ ತರುವುದು ವಾಡಿಕೆ. ಕೆಳಗಿನ ಬಾಕ್ಸಿನ ಲ್ಯಾನ್ ಪೋರ್ಟಿನಿಂದ ಮೇಲಕ್ಕೆ ಒಂದು ವೈರ್ ಕೊಂಡೊಯ್ದು ಅಲ್ಲಿನ ರೂಟರಿಗೆ ಸೇರಿಸಿ, ಅದರ ಸೆಟ್ಟಿಂಗಿನಲ್ಲಿ ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಆರಿಸಿ. ಹಾಗೆ ಮಾಡದೆ ಸುಮ್ಮನೆ ಸಿಕ್ಕಿಸಿದರೆ ಎರಡೂ ರೂಟರುಗಳು ತಾವೇ ಯಜಮಾನರೆಂದು ವಿಳಾಸ ಹಂಚತೊಡಗುತ್ತವೆ. ಮೇಲಿನ ಕಂಪ್ಯೂಟರಿಗೆ ಕೆಳಗಿನ ಪ್ರಿಂಟರ್ ಕಾಣದು. ವೈರ್ ಇಲ್ಲದೆ ಸಿಗ್ನಲ್ ಮುಂದೂಡುವ ರಿಪೀಟರ್ ಅಗ್ಗ, ಆದರೆ ವೇಗ ಸುಮಾರು ಅರ್ಧಕ್ಕೆ ಇಳಿಯಬಹುದು. ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲಿಟ್ಟರೆ ಹಂಚಲು ಅದರ ಬಳಿ ಏನೂ ಇರುವುದಿಲ್ಲ. ಇನ್ನೂ ಚೆನ್ನಾಗಿ ಸಿಗುವ ಜಾಗದಲ್ಲಿ, ನಡುದಾರಿಯಲ್ಲಿಡಬೇಕು.

ಕರೆಂಟ್ ಹೋದಾಗ, ಸಿಡಿಲು ಬಂದಾಗ

ಫೈಬರ್ ಲೈನಿನಲ್ಲಿ ಕಂಬದ ಮೇಲೆ ಲೈನನ್ನು ಕವಲೊಡೆಸುವ ಸ್ಪ್ಲಿಟರಿಗೆ ಕರೆಂಟ್ ಬೇಕಿಲ್ಲ. ಹಾಗಾಗಿ ಕರೆಂಟ್ ಹೋದರೂ ನಿಮ್ಮ ಬಾಕ್ಸಿಗೆ ಬ್ಯಾಟರಿ ಇದ್ದರೆ, ಆಪರೇಟರ್ ಕಡೆಯ ಯಂತ್ರಕ್ಕೂ ಇದ್ದರೆ, ನೆಟ್ ನಡೆಯುತ್ತಲೇ ಇರುತ್ತದೆ. ಇದಕ್ಕೆಂದೇ ಅಂಗೈಯಗಲದ ರೂಟರ್ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ಈಗಿರುವ ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿ: ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು, ಹೆಚ್ಚಿನವು 12 ವೋಲ್ಟ್, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು.

ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳು ಗುಡುಗುತ್ತ ಬರುವ ದಿನಗಳಲ್ಲಿ ಎಚ್ಚರ ಬೇಕು. ಮೋಡ ಕಟ್ಟಿದಾಗಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕೀಳಿ, ಕಂಪ್ಯೂಟರಿಗೆ ಹೋಗುವ ಲ್ಯಾನ್ ವೈರನ್ನೂ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಡಿಲು ಹೊಡೆಯುತ್ತಿರುವಾಗ ಮಾತ್ರ ವೈರ್ ಮುಟ್ಟಲು ಹೋಗಬೇಡಿ.

ನೆಟ್ ನಿಂತರೆ

ಮೊದಲು ಬಾಕ್ಸಿನ ದೀಪ ನೋಡಿ. ಪಿಓಎನ್ ಎಂಬ ದೀಪ ಹಸಿರಾಗಿ ನಿಂತಿದ್ದರೆ ಹೊರಗಿನ ಬೆಳಕು ಬರುತ್ತಿದೆ. ಎಲ್‌ಓಎಸ್ ಎಂಬುದು ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ; ರಸ್ತೆ ಅಗಲ ಮಾಡುವ ಜೆಸಿಬಿಯೋ ಎತ್ತರದ ಹುಲ್ಲಿನ ಲಾರಿಯೋ ವೈರ್ ಕಿತ್ತಿರಬೇಕು. ಆಗ ಮನೆಯೊಳಗೆ ಏನು ಮಾಡಿದರೂ ವ್ಯರ್ಥ, ದೂರು ಕೊಡಿ. ಪಿಓಎನ್ ಸರಿಯಿದ್ದು ನೆಟ್ ಮಾತ್ರ ಇಲ್ಲದಿದ್ದರೆ ಬಾಕ್ಸನ್ನು ಆಫ್ ಮಾಡಿ ಒಂದು ನಿಮಿಷ ಬಿಟ್ಟು ಆನ್ ಮಾಡಿ, ರೀಚಾರ್ಜ್ ಮುಗಿದಿದೆಯೇ ನೋಡಿ. ಸೂಜಿಯಿಂದ ಒತ್ತುವ ರೀಸೆಟ್ ತೂತಿನ ತಂಟೆಗೆ ಹೋಗಬೇಡಿ. ಅದನ್ನು ಒತ್ತಿ ಹಿಡಿದರೆ ಕಂಪನಿಯವರು ತುಂಬಿಸಿದ ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿ ಅವರು ಮತ್ತೆ ಬರುವವರೆಗೆ ನೆಟ್ ಇಲ್ಲ.

ವೇಗ ಸಾಲದು ಅನಿಸಿದರೆ ವೈರಿಗೆ ಸೇರಿಸಿದ ಕಂಪ್ಯೂಟರಿನಲ್ಲಿ ಅಳೆಯಿರಿ. ವೈರಿನಲ್ಲಿ ಪೂರ್ತಿ ಬಂದು ವೈ-ಫೈನಲ್ಲಿ ಬಾರದಿದ್ದರೆ ದೋಷ ಮನೆಯೊಳಗಿನದು, ಕಂಪನಿಗೆ ಫೋನ್ ಮಾಡಿ ಫಲವಿಲ್ಲ. ಲೆಕ್ಕದಲ್ಲೂ ಒಂದು ಗೊಂದಲವಿದೆ. ಪ್ಲ್ಯಾನಿನ ವೇಗ ಬಿಟ್‌ಗಳಲ್ಲಿ, ಡೌನ್‌ಲೋಡ್ ತೋರಿಸುವುದು ಬೈಟ್‌ಗಳಲ್ಲಿ; ಎಂಟು ಬಿಟ್‌ಗೆ ಒಂದು ಬೈಟ್. 100 ಮೆಗಾಬಿಟ್ ಪ್ಲ್ಯಾನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್, ಅಂದರೆ ಒಂದು ಗಿಗಾಬೈಟ್ ಫೈಲಿಗೆ 80 ಸೆಕೆಂಡ್.

ದೂರು ಕೊಟ್ಟಾಗ ಡಾಕೆಟ್ ನಂಬರ್ ಕೇಳಿ ಪಡೆಯಿರಿ. ಅದು ಗ್ರಾಹಕರ ಹಕ್ಕು. ಪರಿಹಾರ ಸಿಗದಿದ್ದರೆ ಅದೇ ನಂಬರ್ ಹಿಡಿದು ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ಬಾಯಿಮಾತಿನ ದೂರಿಗೆ ಆ ದಾರಿ ಇಲ್ಲ.

ಒಟಿಪಿ ಕೊಡುವ ಮುಂಚೆ

ಲೈನ್ ಹಾಕಿದ ಹುಡುಗರು ಕೆಲಸ ಮುಗಿಯಿತೆಂದು ಒಟಿಪಿ ಕೇಳುವುದುಂಟು. ಅದನ್ನು ಹೇಳಿದ ಮೇಲೆ ಅವರ ಲೆಕ್ಕದಲ್ಲಿ ನಿಮ್ಮ ಮನೆಯ ಕೆಲಸ ಮುಗಿದಂತೆ. ಅದಕ್ಕೂ ಮೊದಲು ನಾಲ್ಕು ಮಾತು. ಫೈಬರಿನ ಬೆಳಕು ಎಷ್ಟಿದೆ ಎಂದು ಮೀಟರಿನಲ್ಲಿ ತೋರಿಸಲು ಹೇಳಿ. ಮೈನಸ್ 15ರಿಂದ ಮೈನಸ್ 25ರ ನಡುವೆ ಇದ್ದರೆ ಚೆನ್ನ, ಮೈನಸ್ 27ರ ಹತ್ತಿರವಿದ್ದರೆ ಜಾಯಿಂಟ್ ಸರಿಮಾಡಿಸಿ. ಡೆಸ್ಕ್‌ಟಾಪಿಗೆ ವೈರ್ ಸಿಕ್ಕಿಸಿ ಪ್ಲ್ಯಾನಿನ ವೇಗ ಬರುತ್ತಿದೆಯೇ ನೋಡಿ. ಮೊಬೈಲ್ ಹಿಡಿದು ಮನೆಯ ಕಟ್ಟಕಡೆಯ ಕೋಣೆಗೆ ಹೋಗಿ ಅಲ್ಲೂ ಅಳೆಯಿರಿ. ಸಾಲದಿದ್ದರೆ ಬಾಕ್ಸನ್ನು ಆಗಲೇ ಬೇರೆ ಗೋಡೆಗೆ ಹಾಕಿಸಿ. ಕೊನೆಗೆ ಲೈನಿನ ಯೂಸರ್ ನೇಮ್, ಪಾಸ್‌ವರ್ಡ್, ಗ್ರಾಹಕ ಸಂಖ್ಯೆ, ದೂರು ಕೊಡುವ ನಂಬರ್ ಬರೆಸಿಕೊಂಡು ಕರೆಂಟ್ ಬಿಲ್ಲಿನ ಫೈಲಿಗೆ ಸೇರಿಸಿ. ಆಮೇಲೆ ಒಟಿಪಿ ಹೇಳಿ. ಅವರು ಗೇಟು ದಾಟುವಷ್ಟರಲ್ಲಿ ವೈ-ಫೈ ಪಾಸ್‌ವರ್ಡ್ ಬದಲಿಸಿಬಿಡಿ.